ನೂರಿಪ್ಪತ್ತು ತುಂಬಿದ ಮೇಲಿನ ಕಾಗದ

ಬ್ಲಿಯಾ ಥಾವ್ ಅಕ್ಕಿ ಡ್ರಮ್ಮಿನೊಳಗೆ ಮೊಣಕೈವರೆಗೂ ಕೈ ಇಳಿಸಿದ್ದಾರೆ. ಬೆಳಗಿನ ಐದೂ ಮುಕ್ಕಾಲು. ಅಡುಗೆಮನೆಯ ಬಾಗಿಲಲ್ಲಿ ಷೆರಿಫ್ ಕಚೇರಿಯ ಸಾರ್ಜೆಂಟ್ ಡೆಲ್ಗಾಡೊ ಬರೀ ಕಾಲುಚೀಲದಲ್ಲಿ ನಿಂತಿದ್ದಾರೆ. ಬೂಟು ಬಿಚ್ಚಿಸಿದವರು ಬ್ಲಿಯಾ. ಹಿತ್ತಲಿನ ಹಾಗಲ ಚಪ್ಪರದ ಕೆಳಗೆ ಈ ಮನೆಯ ಯಜಮಾನ, ಎಪ್ಪತ್ತೊಂದರ ಚಾಂಗ್ ನೆಂಗ್ ಖಾಂಗ್, ಬಿದ್ದಲ್ಲೇ ಇದ್ದಾರೆ. ಮೈಮೇಲೆ ಹಳದಿ ಹೊದಿಕೆ. ರಸ್ತೆಯಲ್ಲಿ ಶವದ ವ್ಯಾನು ಎಂಜಿನ್ ಆರಿಸದೆ ಕಾಯುತ್ತಿದೆ.

"ಅಲ್ಲೇನಿರುತ್ತೆ ಚಿಕ್ಕಮ್ಮ, ಅಕ್ಕಿ ಅಷ್ಟೇ," ಎನ್ನುತ್ತಾಳೆ ಯಜಮಾನರ ಮಗಳು ಪಾಹುವಾ.

"ನಿಮ್ಮಪ್ಪ ನಿಂಗೆ ಹೇಳಿರಲ್ಲ ಬಿಡು. ಹೇಳಿದ್ರೆ ನೀನು ಅತ್ತು ರಂಪ ಮಾಡಿರ್ತಿದ್ದೆ."

ಕೈ ಮೇಲೆ ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಒಂದು ಹಾಳೆ. ಡೆಲ್ಗಾಡೊ ಟಾರ್ಚ್ ಹಿಡಿದು ಮುದುಕರ ಸಹಿ ನೋಡುತ್ತಾರೆ, ಇಬ್ಬರು ಸಾಕ್ಷಿಗಳ ಸಹಿ ನೋಡುತ್ತಾರೆ, ಆಮೇಲೆ ವೈರ್‌ಲೆಸ್‌ನಲ್ಲಿ ತಣ್ಣಗೆ ಹೇಳುತ್ತಾರೆ: "ಇವರನ್ನು ಕುಯ್ಯೋ ಹಾಗಿಲ್ಲ."

ಕ್ಯಾಲಿಫೋರ್ನಿಯಾದ ಈ ಕಣಿವೆಯ ಕೌಂಟಿಯಲ್ಲಿ ಕಳ್ಳರನ್ನು ಹಿಡಿಯುವುದೂ ಷೆರಿಫ್ ಕಚೇರಿ, ಏಕಾಏಕಿ ಸತ್ತವರ ಸಾವಿಗೆ ಕಾರಣ ಹುಡುಕುವುದೂ ಷೆರಿಫ್ ಕಚೇರಿ. ಡಾಕ್ಟರ ಮುಖ ನೋಡದವರು ಮನೆಯಲ್ಲೋ ತೋಟದಲ್ಲೋ ಸತ್ತರೆ ದೇಹ ಮರಣೋತ್ತರ ಪರೀಕ್ಷೆಗೆಂದು ಶವಾಗಾರದ ಮೇಜಿಗೆ ಹೋಗುತ್ತದೆ. ಬ್ಲಿಯಾ ಅವರಂತೆ ಲಾವೋಸಿನಿಂದ ಬಂದು ಇಲ್ಲಿ ನೆಲೆಸಿದ ಹ್ಮಾಂಗ್ ಜನರಿಗೆ ಸಾವಿಗಿಂತ ಆ ಮೇಜಿನ ಭಯ ಹೆಚ್ಚು. ಕುಯ್ಯಿಸಿಕೊಂಡವರ ಆತ್ಮಕ್ಕೆ ಹಿರಿಯರ ಊರಿನ ದಾರಿ ಸಿಗುವುದಿಲ್ಲವೆಂದು ಅವರು ನಂಬುತ್ತಾರೆ. ಬದುಕಿದ್ದಾಗಲೇ 'ನನ್ನ ಧರ್ಮ ಒಪ್ಪುವುದಿಲ್ಲ' ಎಂದು ಬರೆದು ಸಹಿ ಹಾಕಿದ್ದರೆ, ಕೊಲೆಯಂಥ ಅನುಮಾನ ಇಲ್ಲದಿದ್ದರೆ, ಕಚೇರಿ ಚಾಕು ಎತ್ತುವುದಿಲ್ಲ. ಆ ಸಹಿಗಳನ್ನು ಮನೆಮನೆ ತಿರುಗಿ ತರುವುದು ಐವತ್ತೇಳರ ಬ್ಲಿಯಾ ಅವರ ಕೆಲಸ. ಖಾಕಿ ಅಂಗಿ ಇದೆ, ಪಿಸ್ತೂಲಿಲ್ಲ. ಪಂಜಾಬಿ ಮನೆಗಳಿಗೆ, ಮೆಕ್ಸಿಕೋದಿಂದ ಬಂದ ಮಿಶ್ಟೆಕ್ ಕೂಲಿಗಳ ಬಿಡಾರಗಳಿಗೆ ಬೇರೆ ಇಬ್ಬರಿದ್ದಾರೆ. ಕಚೇರಿಯ ಮುಂಬಾಗಿಲಲ್ಲಿ 'ಎಲ್ಲರ ರಕ್ಷಣೆಗೆ' ಎಂಬ ದೊಡ್ಡ ಚಿತ್ರಪಟ ತೂಗಿದೆ, ಬಗೆಬಗೆಯ ಮುಖಗಳು ಅದರಲ್ಲಿ ನಗುತ್ತಿವೆ. ಬ್ಲಿಯಾ ಅದರಲ್ಲಿಲ್ಲ. ಫೋಟೊ ತೆಗೆದ ದಿನ ಅವರು ಶವಾಗಾರದಲ್ಲಿದ್ದರು.

ಕೆಲಸದ ಕಷ್ಟ ಕಾಗದದ್ದಲ್ಲ, ಬಾಯಿಯದ್ದು. ಹಿರಿಯರ ಎದುರು ಸಾವಿನ ಹೆಸರೆತ್ತಿದರೆ ಅದನ್ನು ಕರೆದಂತೆ. ಹಾಗಾಗಿ ಹ್ಮಾಂಗ್ ಮಾತಿನಲ್ಲಿ ಯಾರೂ ಸಾಯುವುದಿಲ್ಲ, ಅವರಿಗೆ ನೂರಿಪ್ಪತ್ತು ವರ್ಷ ತುಂಬುತ್ತದೆ. "ಅರ್ಧ ಗಂಟೆ ಸೌತೆಕಾಯಿ, ಮೊಮ್ಮಕ್ಕಳು ಅಂತ ಮಾತಾಡ್ತೀನಿ. ಆಮೇಲೆ 'ತಾತ, ನಿಮಗೆ ನೂರಿಪ್ಪತ್ತು ತುಂಬಿದ ಮೇಲೆ' ಅಂತ ಶುರು ಮಾಡ್ತೀನಿ. ಕೆಲವರು ಅಷ್ಟಕ್ಕೇ ಬಾಗಿಲು ತೋರಿಸ್ತಾರೆ," ಎನ್ನುತ್ತಾರೆ ಬ್ಲಿಯಾ. ಚಾಂಗ್ ನೆಂಗ್ ತೋರಿಸಲಿಲ್ಲ. ಮೂರು ವರ್ಷದ ಹಿಂದೆ ನಕ್ಕು ಕೇಳಿದ್ದರಂತೆ: "ಅದಕ್ಕಿನ್ನೂ ಐವತ್ತೆರಡು ವರ್ಷ ಇದೆಯಲ್ಲೇ, ಅಲ್ಲೀತನಕ ನಿನ್ ಪೆನ್ನಲ್ಲಿ ಇಂಕು ಇರುತ್ತಾ?"

"ಮುದುಕರು ಈ ಕಾಗದಾನ ಮಲಗೋ ಕೋಣೇಲಿ ಇಡಲ್ಲ, ದೇವರ ಗೂಡಿನ ಹತ್ರ ಇಡಲ್ಲ. ಉಳಿಯೋದು ಅಡುಗೆಮನೆ," ಎನ್ನುತ್ತಾರೆ ಬ್ಲಿಯಾ, ಕಾರಿನ ಕನ್ನಡಿಯಲ್ಲಿ ನೋಡಿಕೊಂಡು ತೋಳಿನ ಅಕ್ಕಿಹುಡಿ ಒರೆಸಿಕೊಳ್ಳುತ್ತ.

ಲಾವೋಸಿನ ಬೆಟ್ಟದಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿನಲ್ಲಿ ಬಿದಿರಿನ ಕಟ್ಟು ತಬ್ಬಿಕೊಂಡು ಮೆಕಾಂಗ್ ನದಿ ದಾಟಿದರು, ತಮ್ಮ ದಾಟಲಿಲ್ಲ. ಥಾಯ್ ನಿರಾಶ್ರಿತರ ಶಿಬಿರದಲ್ಲಿ ನಾಲ್ಕು ವರ್ಷ, ಆಮೇಲೆ ಈ ಕಣಿವೆ. ಕೌಂಟಿ ಜೈಲಿನಲ್ಲಿ ಹದಿಮೂರು ವರ್ಷ ಕೈದಿಗಳ ಬಟ್ಟೆ ಒಗೆದು, ಒಂಬತ್ತು ವರ್ಷದ ಹಿಂದೆ ಈ ಕೆಲಸಕ್ಕೆ ಬಂದರು. ಇಲ್ಲಿಯವರೆಗೆ ಇನ್ನೂರ ಹನ್ನೊಂದು ಸಹಿ. ಅದರಲ್ಲಿ ಅರವತ್ತನಾಲ್ಕು ಮಂದಿಗೆ ನೂರಿಪ್ಪತ್ತು ತುಂಬಿದೆ. ಹೊಸ ವರ್ಷದ ಊಟಕ್ಕೆ ಬ್ಲಿಯಾ ಅವರನ್ನು ಕರೆಯುವ ಮನೆಗಳು ಕಡಿಮೆಯಾಗಿವೆ. ಅಂಗಡಿಯಲ್ಲಿ ಅವರು ಕಂಡರೆ ಹೆಂಗಸರು ಬೇರೆ ಸಾಲಿಗೆ ಸರಿಯುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಹತ್ತೊಂಬತ್ತು ಸಹಿ ತಂದಿದ್ದರು. ಸ್ವಂತ ಮನೆಯಲ್ಲಿ ಒಂದೂ ಇರಲಿಲ್ಲ. "ಹೆಂಡತಿ ಆದೋಳು ಗಂಡನಿಗೆ ಆ ಮಾತು ಹೇಗೆ ಆಡ್ತಾಳೆ? ಊರಿಗೆಲ್ಲಾ ಹೇಳ್ದೆ, ಅವನಿಗೆ ಹೇಳೋಕೆ ನಾಲಿಗೆ ಬರ್ಲಿಲ್ಲ." ಅದೇ ವರ್ಷ ಗಂಡ ನ್ಯಾ ಪಾವ್ ಲೋರ್ ನಿಂಬೆಹುಲ್ಲಿನ ಹೊಲದಲ್ಲಿ ಕುಳಿತಂತೆಯೇ ಹೋದರು. ಐವತ್ತೊಂದು ವರ್ಷ. ಕಾಗದ ಇರಲಿಲ್ಲ. ನಿಯಮ ನಿಯಮವೇ. ಶವಾಗಾರದ ಬಾಗಿಲ ಹೊರಗೆ ಬ್ಲಿಯಾ ಎರಡು ಗಂಟೆ ನಿಂತಿದ್ದರು, ಅದೇ ಖಾಕಿ ಅಂಗಿಯಲ್ಲಿ.

"ಹೃದಯ ನಿಂತಿತ್ತಂತೆ. ಅಷ್ಟು ಹೇಳೋಕೆ ತೆರೆದು ನೋಡಿದ್ರು."

ಮನೆಗೆ ಹೋಗಿ ಅತ್ತೆಗೆ ಸುದ್ದಿ ಹೇಳಿದವರೂ ಅವರೇ. ಅತ್ತೆ ಯುವಾ ವೂ ಅವರಿಗೆ ಈಗ ಎಂಬತ್ತಾರು. ಅದೇ ಮನೆಯಲ್ಲಿ ಇದ್ದಾರೆ. ಎರಡು ತಿಂಗಳಿಂದ ಎದೆ ಹಿಡಿದುಕೊಳ್ಳುತ್ತಾರೆ, ಆಸ್ಪತ್ರೆಯ ಮಾತೆತ್ತಿದರೆ ಮುಖ ಗೋಡೆಗೆ ತಿರುಗಿಸುತ್ತಾರೆ. ಹಾಗೆಯೇ ಕಣ್ಣು ಮುಚ್ಚಿದರೆ ಅವರೂ ಅದೇ ಮೇಜಿಗೆ. ನಿಮಗೆ ಇನ್ನೇನು ಬೇಕು ಎಂದರೆ ಬ್ಲಿಯಾ ಬಡ್ತಿಯ ಮಾತಾಡುವುದಿಲ್ಲ. "ಇನ್ನೊಂದು ಸಹಿ. ಅದೊಂದು ಸಿಕ್ಕಿದ್ರೆ ಸಾಕು."

ಬೆಳಗ್ಗೆ ಎಂಟಕ್ಕೆ ಅವರು ಮನೆಯಲ್ಲಿದ್ದಾರೆ. ಅನ್ನ, ಬೇಯಿಸಿದ ಸಾಸಿವೆ ಸೊಪ್ಪು, ಖಾರದ ಚಟ್ನಿ. ಅತ್ತೆ ಉಂಡು ಮುಗಿಸುವವರೆಗೆ ಕಾದು, ತಟ್ಟೆ ಸರಿಸಿ, ಕಾಗದ ಹರಡುತ್ತಾರೆ. ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಡುತ್ತಾರೆ.

"ಅಮ್ಮ. ನಿಮಗೆ ನೂರಿಪ್ಪತ್ತು ತುಂಬಿದ ಮೇಲೆ..."

"ಯಾರು ಹೋದ್ರು ಇವತ್ತು?"

"ಚಾಂಗ್ ನೆಂಗ್. ಅವರ ಕಾಗದ ಸಿಕ್ತು. ಮುಟ್ಟಲ್ಲ ಅವರನ್ನ."

"ಒಳ್ಳೇದಾಯ್ತು. ನೆಟ್ಟಗೆ ಹೋಗಲಿ." ಮುದುಕಿ ಕಾಗದವನ್ನು ಒಂದು ಬೆರಳಿನಿಂದ ತಡವುತ್ತಾರೆ. "ನನ್ ಮಗ ಹೋಗಿಲ್ವಲ್ಲ. ದಾರಿ ಸಿಗದೆ ಎಲ್ಲೋ ನಿಂತಿದಾನೆ. ನಾನು ನೆಟ್ಟಗೆ ಹೋಗ್ಬಿಟ್ರೆ ಅವನ ಜೊತೆಗೆ ಯಾರಿರ್ತಾರೆ?"

ಬ್ಲಿಯಾ ಪೆನ್ನನ್ನು ಎತ್ತಿ ಅತ್ತೆಯ ಕೈಗೆ ಹಿಡಿಸಲು ನೋಡುತ್ತಾರೆ.

"ತೆಗಿ ಅದನ್ನ. ನಾನು ಹಾಕಲ್ಲ."