ಮಾವನ ಮುಂದೆ ಹಾಡಿದ್ದು

ನನ್ನ ಕಂಠದ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ಹರಿಹರದಲ್ಲಿದ್ದ ನನ್ನ ಸೋದರಮಾವ ಹಗಲೆಲ್ಲ ದಿನಸಿ ಅಂಗಡಿ ನೋಡಿಕೊಂಡು, ಸಂಜೆ ಹೊಳೆ ದಂಡೆಯ ಗುಡಿಯಲ್ಲಿ ಭಜನೆ ಕಲಿಸುತ್ತಿದ್ದರು. ಯಾರ ಮಕ್ಕಳು ಹೋದರೂ ಬೇಡವೆನ್ನದ ಅವರು, ಸ್ವಂತ ತಂಗಿಯ ಮಗಳಾದ ನನಗೆ ಮಾತ್ರ, ನೀನು ಚಪ್ಪಾಳೆ ತಟ್ಟಿದರೆ ಸಾಕು ಎಂದು ಮೆಲ್ಲಗೆ ಹೇಳಿ ಹಿಂದೆ ಕೂರಿಸುತ್ತಿದ್ದರು.

ನಾನು ಮದುವೆಯಾಗಿ ದಾವಣಗೆರೆಗೆ ಬಂದ ಮೇಲೆ, ಅರವತ್ತರ ದಶಕದ ಆರಂಭವಿರಬೇಕು, ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಕಿವಿ ಚೆನ್ನಾಗಿದೆ, ಬುದ್ಧಿ ನೆಟ್ಟಗಿದೆ, ಇಷ್ಟದ ಮಾತು, ಹಾಡು ಕೇಳಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಭಜನೆಯವರು ಕೆಲವು ದಿನ ಬಂದು ಸೊಗಸಾಗಿ ಹಾಡಿದರು. ಮಾವ ಕಣ್ಣು ಮುಚ್ಚಿ ಕೇಳಿದರು, ಅಷ್ಟೇ. ಆಮೇಲೆ ಅವರವರ ಕೆಲಸ ಅವರವರಿಗೆ. ಮಕ್ಕಳಿಲ್ಲದ ಆ ಮನೆಯಲ್ಲಿ ಮಾವನ ಹೆಂಡತಿ, ನನ್ನ ಅತ್ತೆ, ಒಬ್ಬರೇ ಉಳಿದರು.

ನಾನು ಹೋಗಿ ಹಾಡುತ್ತೇನೆ ಎಂದೆ. ನನ್ನ ಗಂಡ ಊಟದ ತಟ್ಟೆಯಿಂದ ತಲೆ ಎತ್ತಿ, ಪಾಪ, ಅವರು ಇನ್ನೂ ಸುಧಾರಿಸಿಕೊಂಡಿಲ್ಲ ಎಂದರು.

ಸೋಮವಾರ ಬೆಳಗಿನ ರೈಲಿಗೆ ಹೊರಟೆ. ಮಾವನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಕೂತು, ಅವರಿಗೆ ಪ್ರಿಯವಾದ ಭಜನೆಯ ಪದವನ್ನೇ ಎತ್ತಿಕೊಂಡೆ. ಎರಡನೆಯ ಸಾಲಿಗೆ ದನಿ ತಾನಾಗಿ ಮೇಲೆ ಹೋಯಿತು, ಇಳಿಸಲು ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯಾಕೆ ತಲೆ ಮೇಲೆ ಸೆರಗು ಎಳೆದುಕೊಂಡು, ಕಣ್ಣೊರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದು ನಿಂತರು. ಅವರ ಹಿಂದೆ ಇನ್ನೂ ಇಬ್ಬರು.

"ಯಾವಾಗ ಹೋದ್ರವ್ವ?" ಎಂದು ಕೇಳಿದರು.

"ಯಾರೂ ಹೋಗಿಲ್ಲ. ಹಾಡು ನಡದೈತೆ," ಎಂದರು ಅತ್ತೆ.

ಬಂದವರು ಹಾಗೇ ಹೋಗಬಾರದೆಂದು ಅತ್ತೆ ಎಲ್ಲರಿಗೂ ಚಹಾ ಕೊಟ್ಟರು. ಮಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಇನ್ನು ಹೋಗುವುದು ಬೇಡವೆನಿಸಿತು. ಆದರೆ ನನಗೆ ಬೇರೇನು ಬರುತ್ತಿತ್ತು? ಮರುದಿನ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಾಗ ಶಿವನಿಗೆ ನೇರವಾಗಿಯೇ ಹೇಳಿದೆ: ಈ ದನಿ ಕೊಟ್ಟವನು ನೀನೇ, ನನ್ನ ಕೈಲಾಗುವುದು ಇಷ್ಟೇ, ಮುಂದಿನದು ನೀನು ನೋಡಿಕೋ. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ದನಿ ಮಾತ್ರ ಹಾಗೇ ಇತ್ತು.

ಚಳಿಗಾಲವೆಲ್ಲ ಪ್ರತಿ ಸೋಮವಾರ ಹೋದೆ. ಬಾಗಿಲು ಹಾಕಿಕೊಂಡು ಹಾಡಿದೆ. ಮಾವನಲ್ಲಿ ಏನೂ ಬದಲಾವಣೆ ಕಾಣಲಿಲ್ಲ. ನನ್ನನ್ನು ನೋಡಿದ ಕೂಡಲೇ ಹುಬ್ಬು ಗಂಟಿಕ್ಕುತ್ತಿದ್ದರು. ಅದನ್ನೂ ಗುಣವಾಗುವ ಲಕ್ಷಣವೆಂದು ಅತ್ತೆ ನನ್ನನ್ನು ಸಮಾಧಾನಪಡಿಸುತ್ತಿದ್ದರು.

ಒಂದು ಸೋಮವಾರ ಅತ್ತೆಯ ಸಲಹೆಯಂತೆ ತಾಳವನ್ನೂ ಕೈಗೆ ತೆಗೆದುಕೊಂಡೆ. ಅದರಿಂದ ಕೆಟ್ಟದ್ದು ಮತ್ತೂ ಕೆಟ್ಟಿತು. ಹಾಡು ಒಂದು ದಾರಿ, ತಾಳ ಒಂದು ದಾರಿ. ಬೆವರುತ್ತ, ಕಣ್ಣು ಮುಚ್ಚಿಕೊಂಡು ಮುಂದುವರಿಸುತ್ತಿದ್ದಾಗ ಮಂಚದ ಮೇಲಿಂದ ಗೊರಗೊರ ಸದ್ದಾಯಿತು. ಮಾವ ಎಡಗೈ ಎತ್ತಿದ್ದರು. ಮುಖ ಕೆಂಪಗಾಗಿತ್ತು.

"ತಾಳ... ತಪ್ಪು," ಎಂದರು.

ನಾನು ತಾಳ ಕೆಳಗಿಟ್ಟೆ. ಅತ್ತೆ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದರು. ಏನಂದರು, ಇನ್ನೊಮ್ಮೆ ಹೇಳಿಸು ಎಂದು ಗೋಗರೆದರು. ನಾನು ಮತ್ತೆ ಹಾಡಿದೆ. ಬೇಕೆಂದು ತಪ್ಪಿಸುವ ಅಗತ್ಯವೇ ಬೀಳಲಿಲ್ಲ.

"ತಪ್ಪು. ನಿಲ್ಸು," ಎಂದರು ಮಾವ, ಈ ಸಲ ಇನ್ನೂ ಸ್ಪಷ್ಟವಾಗಿ.

ಅತ್ತೆ ಅಲ್ಲೇ ನೆಲದ ಮೇಲೆ ಕೂತು ಅತ್ತರು, ಆಮೇಲೆ ನಕ್ಕರು. ನನಗೂ ಎರಡೂ ಒಟ್ಟಿಗೆ ಬಂದವು. ಹೊರಡುವಾಗ ಅತ್ತೆ ಹಣೆಗೆ ಕುಂಕುಮ ಇಡುತ್ತ, "ದೇವ್ರು ನಿನಗೆ ಒಳ್ಳೆ ಕಂಠ ಕೊಟ್ಟಿದ್ರೆ ಇವ್ರು ಸುಮ್ನೆ ಕೇಳ್ಕೊಂತ ಮಲಗಿರ್ತಿದ್ರು ನೋಡವ್ವ," ಎಂದರು.

ಔಷಧಿಯ ಗುಣವೂ ಇದ್ದೀತು, ಹೇಗೂ ಮಾತು ಬರುವುದಿತ್ತು ಎಂದು ಡಾಕ್ಟರು ಅಂದರು. ಇರಲಿ. ಮಾವನ ಬಲಗೈ ಮತ್ತೆ ಏಳಲಿಲ್ಲ. ಮಾತು ಮಾತ್ರ ಒಂದೊಂದಾಗಿ ಬಂತು, ಹೆಚ್ಚಿನವು ಬೈಗುಳ. ಅವರು ಚೇತರಿಸಿಕೊಂಡು ಅಂಗಡಿಯ ಗಾದಿಯ ಮೇಲೆ ಕೂರುವಂತಾದ ಮೇಲೂ ನಾನು ಸೋಮವಾರ ತಪ್ಪಿಸಲಿಲ್ಲ. ಆ ಎರಡನೆಯ ಸಾಲನ್ನು ನನ್ನಿಂದ ಸರಿಯಾಗಿ ಹೇಳಿಸಲೇಬೇಕೆಂದು ಅವರು ಹಟ ಹಿಡಿದರು. ನನಗೆ ಅದು ಇವತ್ತಿಗೂ ಬಂದಿಲ್ಲ. ನನ್ನನ್ನು ತಿದ್ದಿ ತಿದ್ದಿ, ಮಾವನಿಗೆ ಮಾತ್ರ ಇಡೀ ಹಾಡು ಹೇಳಲು ಬಂತು.