ನನ್ನದಲ್ಲದ ಗತ್

ನಿಜಾಮರ ಕಾಲದಲ್ಲಿ ಕಚೇರಿಗೆ ಶುಕ್ರವಾರ ರಜೆ. ಕೊಪ್ಪಳದ ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನಾನು ಆ ದಿನ ಬೆಳಿಗ್ಗೆ ಉಸ್ತಾದರ ಮನೆಗೆ ತಬಲಾ ಕಲಿಯಲು ಹೋಗುತ್ತಿದ್ದೆ. ಹಿಟ್ನಾಳದಿಂದ ಇನ್ನೊಬ್ಬ ಶಿಷ್ಯ ನಡೆದುಕೊಂಡು ಬರುತ್ತಿದ್ದ. ನನ್ನದೇ ವಯಸ್ಸು, ಬಾವಿ ತೋಡುವ ಕೂಲಿ. ಹಾರೆ ಹಿಡಿದು ಗಟ್ಟಿಯಾದ ಅವನ ಬೆರಳುಗಳಿಂದ ನನಗೆ ಬಾರದ ನಾದ ಬರುತ್ತಿತ್ತು.

ಉಸ್ತಾದರು ಹೇಳುತ್ತಿದ್ದರು: "ತಬಲಾದಾಗ ಕಾಯ್ದಾ ಅಂದ್ರ ಹೊಲ ಇದ್ಹಂಗ. ಯಾರು ಬೇಕಾದ್ರೂ ಬಿತ್ತಿ ಬೆಳೀಬಹುದು. ಗತ್ ಹಂಗಲ್ಲ. ಒಬ್ರು ಕಟ್ಟಿದ್ದು, ಒಂದು ಧಾ, ಒಂದು ತಿಟ, ಯಾವ ಬೋಲ್ ಸೈತ ಬದಲು ಮಾಡಂಗಿಲ್ಲ. ಬಾರಿಸೂಕಿಂತ ಮೊದಲ ಕಿವಿ ಮುಟ್ಟಿ, ಕಟ್ಟಿದವರ ಹೆಸರು ಹೇಳಬೇಕು."

ಒಂದು ಶುಕ್ರವಾರ ಅವನು ತಾನೇ ಕಟ್ಟಿದ ಗತ್ ಬಾಯಲ್ಲಿ ಹೇಳಿದ. ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂತು ಎನ್ನುವಾಗ ಅರೆಮಾತ್ರೆ ತಡೆದು ಆಮೇಲೆ ಬೀಳುತ್ತಿತ್ತು. ಉಸ್ತಾದರು ಕಣ್ಣು ಮುಚ್ಚಿ, "ಇನ್ನೊಮ್ಮೆ ಹೇಳು" ಎಂದರು. ಮನೆಗೆ ಹೊರಟಾಗ ನನಗೂ ಕಲಿಸು ಎಂದೆ. ಅವನು ಕಟ್ಟೆಯ ಮೇಲೆ ಕೂತು ಒಂದೊಂದೇ ಬೋಲ್ ಬಿಡಿಸಿ ಹೇಳಿದ. "ಬರಕೊಳ್ರಿ. ನನಗ ಬರಿಯಾಕ ಬರಂಗಿಲ್ಲ. ನಿಮ್ಮ ಹಂತ್ಯಾಕ ಇರಲಿ."

ಮರುವರ್ಷ ಗಂಗಾವತಿಯ ವ್ಯಾಪಾರಿಯೊಬ್ಬರ ಮನೆಯಲ್ಲಿ ನನ್ನ ತಬಲಾ ಸೋಲೋ. ಶುರುವಿನ ಪೇಶ್ಕಾರ್ ನಿಧಾನವಾಗಿ ಬಿಚ್ಚಿದೆ, ಕಾಯ್ದಾ ಬೆಳೆಸಿದೆ, ರೇಲಾ ಓಡಿಸಿದೆ. ಕೊನೆಗೆ ಆ ಗತ್. ಕಿವಿ ಮುಟ್ಟಲಿಲ್ಲ. ಎದುರಿಗಿದ್ದ ಗವಾಯಿಗಳು ಮುಂದಕ್ಕೆ ಬಾಗಿ, "ಯಾರದಿದು?" ಎಂದರು.

"ನಂದರಿ" ಎಂದೆ. ಅಷ್ಟು ಸಲೀಸಾಗಿ ಬಂತು.

ಕೆಲವು ತಿಂಗಳ ಮೇಲೆ ಕುಷ್ಟಗಿಯ ಸಂಗೀತ ಬೈಠಕ್ಕಿನಲ್ಲಿ ಅವನು ಬಾರಿಸಲು ಕೂತ. ನಾನು ಮುಂದಿನ ಸಾಲಿನಲ್ಲಿದ್ದೆ. ಅವನು "ಇದು ನಾ ಕಟ್ಟಿದ್ದರಿ" ಎಂದು ಅದೇ ಗತ್ ಶುರುಮಾಡಿದ. ಗಂಗಾವತಿಯಲ್ಲಿ ನನ್ನ ಸೋಲೋ ಕೇಳಿದ್ದ ಒಬ್ಬರು ತಡೆದರು: "ಏ, ಕದ್ದ ಮಾಲು ನಂದಂತ ಹೇಳಬ್ಯಾಡ! ಇದು ಗುಮಾಸ್ತ ಸಾಹೇಬ್ರದು. ಇಲ್ಲೇ ಕುಂತಾರ, ಕೇಳು."

ಅವನು ನನ್ನನ್ನು ನೋಡಿದ. ನಾನು ನಿಜ ಹೇಳುತ್ತೇನೆಂದು ಕಾದ. ನಾನು ಜಮಖಾನೆ ನೋಡುತ್ತಾ ಕೂತೆ.

"ಇರಬಹುದ್ರಿ" ಎಂದು ಅವನು ಉಸ್ತಾದರ ಗತ್ ಬಾರಿಸಿ ಎದ್ದ. ಮತ್ತೆ ಶುಕ್ರವಾರ ಬರಲಿಲ್ಲ. "ಅಂವ ಯಾಕ ಬರವಲ್ಲ?" ಎಂದು ಉಸ್ತಾದರು ಕೇಳಿದಾಗ, "ಗೊತ್ತಿಲ್ಲರಿ" ಎಂದೆ.

ತಡೆಯಲಾರದೆ ಒಂದು ದಿನ ಹಿಟ್ನಾಳಕ್ಕೆ ಹೋದೆ. ಅವನು ಅರ್ಧ ತೋಡಿದ ಬಾವಿಯಿಂದ ಮೇಲೆ ಬಂದು ಕೈಯ ಮಣ್ಣು ಕೊಡವಿದ. "ತಪ್ಪಾತು, ಸುಳ್ಳು ಹೇಳಿದೆ" ಎಂದೆ.

"ನನಗ ಗೊತ್ತಿದ್ದದ್ದ ಅದು. ನನಗ್ಯಾಕ ಹೇಳ್ತೀರಿ? ಕುಷ್ಟಗಿಯವರಿಗೆ ಹೇಳ್ರಿ" ಎಂದು ಮತ್ತೆ ಬಾವಿಗಿಳಿದ.

ಕುಷ್ಟಗಿಗೂ ಹೋದೆ. ಬೈಠಕ್ ನಡೆಸಿದ ಹಿರಿಯರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು. "ಪಾಪ, ಬಡವ ಅಂತ ನಿಮ್ಮ ಗತ್ ಅವಗ ಬಿಟ್ಟುಕೊಡಾಕ ಬಂದೀರಿ. ಭಾಳ ದೊಡ್ಡ ಮನಸು ನಿಮ್ದು" ಎಂದು ಚಹಾ ತರಿಸಿದರು.

ಇಲ್ಲ ಎಂದು ಮೂರು ಸಲ ಹೇಳಿದೆ. ಅವರು ನಂಬಲಿಲ್ಲ. ನಾನು ಚಹಾ ಕುಡಿದೆ. ಹಿಟ್ನಾಳಕ್ಕೆ ಮತ್ತೆ ಹೋಗಿ ಇದನ್ನು ಅವನಿಗೆ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.