ಚೀಟಿ ಮುಚ್ಚಿದ ತಟ್ಟೆಗಳು

ಬೆಳಗಿನ ಐದೂವರೆ. ಮಕ್ಕಳ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಟೆಕ್ನಿಷಿಯನ್ ಅಕ್ಕ ಇನ್‌ಕ್ಯುಬೇಟರಿನಿಂದ ಅಂಗೈಯಗಲದ ಗಾಜಿನ ತಟ್ಟೆಯೊಂದನ್ನು ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಯಾವುದೋ ಮಗುವಿನ ಗಂಟಲಿನಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತಂದದ್ದನ್ನು ಕುರಿಯ ರಕ್ತ ಬೆರೆಸಿದ ಆ ಕೆಂಪು ತಟ್ಟೆಗೆ ನಿನ್ನೆ ಸವರಿಟ್ಟಿದ್ದರು. ಕೆಟ್ಟ ಬ್ಯಾಕ್ಟೀರಿಯಾ ಬೆಳೆದಿದ್ದರೆ ಸುತ್ತಲಿನ ಕೆಂಪು ಕರಗಿ ತಿಳಿಯಾಗಿರುತ್ತದೆ. "ಸಾಸಿವೆಗಿಂತ ಸಣ್ಣದು. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ಬೇಕು," ಎನ್ನುತ್ತಾರೆ.

ದಿನಕ್ಕೆ ಅರವತ್ತು ತಟ್ಟೆ, ಇಪ್ಪತ್ತಾರು ವರ್ಷ. ಮೂರು ಮಹಡಿ ಮೇಲಿರುವ ಆ ಮಕ್ಕಳಲ್ಲಿ ಒಬ್ಬರ ಮುಖವನ್ನೂ ಅವರು ಕಂಡಿಲ್ಲ. ಮನೆಯಲ್ಲೂ ಒಬ್ಬರೇ. ಲ್ಯಾಬಿನೊಳಗೆ ಏನನ್ನೂ ಕುಡಿಯುವಂತಿಲ್ಲ. ಏಳು ಗಂಟೆಗೆ ಕಾವಲುಗಾರ ಒಂದು ಲೋಟ ಚಹಾವನ್ನು ಹೊರಗಿನ ಬೆಂಚಿನ ಮೇಲಿಟ್ಟು, ಬಾಗಿಲು ತಟ್ಟಿ ಹೋಗುತ್ತಾನೆ.

ಕೆಲವು ಮಕ್ಕಳಿಗೆ ಗಂಟಲುನೋವು ಬಂದುಹೋದ ಒಂದೆರಡು ವಾರಕ್ಕೆ ಕಾಲ ತುಂಬ ನೇರಳೆ ಚುಕ್ಕೆಗಳೇಳುತ್ತವೆ, ಕೀಲು ಊದುತ್ತದೆ. ಅದು ರಕ್ತನಾಳಗಳ ಉರಿಯೂತ. ಗಂಟಲಿನ ಸೋಂಕೇ ಅದನ್ನು ಕೆರಳಿಸುತ್ತದೆಯೇ? ತಿಳಿಯಲೆಂದು ಇಲ್ಲಿಯ ಡಾಕ್ಟರಮ್ಮ ಐದು ವರ್ಷದಿಂದ ಚುಕ್ಕೆಯೆದ್ದ ಮಕ್ಕಳ ತಟ್ಟೆಗಳನ್ನು ಉಳಿದ ಮಕ್ಕಳ ತಟ್ಟೆಗಳ ಜೊತೆ ಹೋಲಿಸುತ್ತಿದ್ದಾರೆ. ನೋಡಿ ಎಣಿಸುವ ಕೆಲಸವೆಲ್ಲ ಈ ಅಕ್ಕನದು.

ಕಳೆದ ವರ್ಷ, ನಂಟು ಇರಬಹುದೆನ್ನುವಂಥ ಫಲಿತಾಂಶ ಬಂತು. ಎಲ್ಲರಿಗೂ ಸಂತೋಷ. ಅಕ್ಕನಿಗೆ ಮಾತ್ರ ಊಟ ಸೇರಲಿಲ್ಲ. ಮೂರನೇ ದಿನ ಮೆಟ್ಟಿಲು ಹತ್ತಿ ಹೋಗಿ ಹೇಳಿಬಿಟ್ಟರು.

"ಮೇಡಂ, ತಟ್ಟೆಗೆ ಅಂಟಿಸೋ ಚೀಟಿ ಮೇಲೆ ವಾರ್ಡು ಬರ್ದಿರುತ್ತಲ್ಲ. ಚುಕ್ಕೆ ಮಗುದು ಅಂದ್ರೆ ಪಾಪ ಅಂತ ಎರಡೆರಡು ಸಲ ನೋಡ್ತಿದ್ದೆ. ಉಳಿದೋರದ್ದು ಒಂದೇ ಸಲ. ಹೆಚ್ಚು ಹುಡುಕಿದ ಕಡೆ ಹೆಚ್ಚು ಸಿಗುತ್ತೆ ತಾನೆ?"

ಡಾಕ್ಟರಮ್ಮ ಎಣಿಕೆಯ ಕಡತ ಮುಚ್ಚಿಟ್ಟರಂತೆ. "ನೀವು ಬಾಯಿ ಬಿಡದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ನಂಗೆ ಗೊತ್ತಿತ್ತಲ್ಲ."

ನಾಲ್ಕು ವರ್ಷದ ಎಣಿಕೆ ನೀರಲ್ಲಿ ಹೋಮವಾಯಿತು. ಡಾಕ್ಟರಮ್ಮ ಗದರಲಿಲ್ಲ, ಕುರ್ಚಿ ಎಳೆದು ಕೂರಿಸಿದರು. ಈಗ ಯಾವ ಮಗುವಿನದೆಂದು ಅಕ್ಕನಿಗೆ ತಿಳಿಯದಿರಲೆಂದು ವಾರ್ಡಿನ ಆಯಾ ಹತ್ತಿಕಡ್ಡಿಯ ಪ್ರತಿ ಚೀಟಿಗೂ ಪ್ಲಾಸ್ಟರ್ ಅಂಟಿಸಿ, ಬರೀ ನಂಬರು ಹಾಕಿ ತರುತ್ತಾಳೆ. "ನನ್ನ ಮಾತಾಡಿಸ್ಬೇಡಿ ಅಕ್ಕಾ, ನನ್ ಬಾಯಲ್ಲಿ ಎಳ್ಳುಕಾಳೂ ನೆನೆಯಲ್ಲ," ಎಂದು ಬಾಗಿಲಲ್ಲೇ ಇಟ್ಟು ಓಡುತ್ತಾಳೆ. ಮೊದಲೆಲ್ಲ ಯಾವ ಮಗು ನಕ್ಕಿತು, ಯಾವುದು ಮನೆಗೆ ಹೋಯಿತು ಎಂಬ ಸುದ್ದಿಯನ್ನು ಅವಳೇ ತರುತ್ತಿದ್ದಳು. ಈಗ ಅದೂ ಇಲ್ಲ.

ಅಕ್ಕನ ನಿವೃತ್ತಿಗೆ ಉಳಿದಿರುವುದು ಏಳು ತಿಂಗಳು. ಹೊಸ ಎಣಿಕೆ ಮುಗಿಯಲು ಇನ್ನೂ ಎರಡು ವರ್ಷ ಬೇಕು.

"ನಂಟಿದೆ ಅಂತ ಬಂದ್ರೂ ಸರಿ, ಇಲ್ಲ ಅಂತ ಬಂದ್ರೂ ಸರಿ," ಎನ್ನುತ್ತಾರೆ ಅವರು, ಮುಂದಿನ ತಟ್ಟೆಯನ್ನು ಎತ್ತಿಕೊಳ್ಳುತ್ತಾ. "ಅವತ್ತು ಯಾರಾದ್ರೂ ನೆನಪಿಟ್ಟು ಒಂದು ಫೋನ್ ಮಾಡಿದ್ರೆ ಸಾಕು."